ಫಿಯಾಳನ್ನು ಕಳಿಸಿಕೊಟ್ಟ ವಾರ

ಡಿಸೆಂಬರ್ 29, ಬೆಳಿಗ್ಗೆ

ಓಟ್ಸ್ ಗಂಜಿ ಅರ್ಧ ಹೊಟ್ಟೆಗೆ, ಅರ್ಧ ಕೂದಲಿಗೆ. ಫಿಯಾಗೆ ಇನ್ನೊಂದು ಹಲ್ಲು ಮೂಡುತ್ತಿದೆ.

ಮಕ್ಕಳ ಕಲ್ಯಾಣ ಕಚೇರಿಯಿಂದ ಫೋನ್. ಜನವರಿ ಆರಕ್ಕೆ ಹೆತ್ತ ತಾಯಿ ಶಾನಾ ಬಂದು ಫಿಯಾಳನ್ನು ಕರೆದೊಯ್ಯುತ್ತಾಳೆ. ಅವಳು ಕುಡಿತ ಬಿಟ್ಟು ವರ್ಷವಾಯಿತು. ಮನೆಯೂ ಸಿಕ್ಕಿದೆ. ಒಳ್ಳೆಯ ಸುದ್ದಿ — ಹಾಗೆಂದು ನಾನೇ ಹೇಳಿದೆ. ಹದಿನಾಲ್ಕು ತಿಂಗಳ ಹಿಂದೆ ಸಾಕಲೆಂದು ಕೊಟ್ಟಿದ್ದರು, ಇಟ್ಟುಕೊಳ್ಳಲೆಂದಲ್ಲ.

ಕೋಲ್ಮನ್ ಸುದ್ದಿ ಕೇಳಿ ಹೋಗಿ ಕಾರು ತೊಳೆದ. ಮಳೆಯಲ್ಲಿ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು.

ಜನವರಿ 1

ದೇವಮಾತೆಯ ಹಬ್ಬ. ಚರ್ಚಿನಲ್ಲಿ ಬಲಿಪೂಜೆಯ ಕೊನೆಗೆ ಫಾದರ್, "ತಾಯಂದಿರೆಲ್ಲ ಎದ್ದು ನಿಲ್ಲಿ. ಹೊಸ ವರ್ಷದ ಆಶೀರ್ವಾದ" ಎಂದರು. ನಾನು ಏಳಲಿಲ್ಲ. ಹಿಂದಿನ ಬೆಂಚಿನಿಂದ ಮುದುಕಿ ಫಿಲೊಮಿನಾ ಬೆನ್ನಿಗೆ ತಿವಿದಳು. "ಏಳೇ ಡಿಂಪ್ನಾ! ಹದಿನಾಲ್ಕು ತಿಂಗಳು ನಿದ್ದೆಗೆಟ್ಟಿದ್ದು ನೀನೋ, ನಾನೋ?"

ಎದ್ದೆ. ತಿರುಗಿದರೆ ಕೊನೆಯ ಬೆಂಚಿನಲ್ಲಿ ಶಾನಾ. ತಲೆ ತಗ್ಗಿಸಿ ಕೂತಿದ್ದಳು.

ಬಾಗಿಲ ಬಳಿ ಸಿಕ್ಕಳು. "ಯಾವ ಮುಖ ಇಟ್ಕೊಂಡು ಏಳ್ಲಿ, ಡಿಂಪ್ನಾ?" ಎಂದಳು.

ನನಗೆ ಒಳಗೊಳಗೇ ಸಂತೋಷವಾಯಿತು. ಬರೆಯಲು ನಾಚಿಕೆ, ಆದರೂ ಆಯಿತು.

ಜನವರಿ 3

ಶಾನಾಗೆಂದು ಎಲ್ಲ ಬರೆದಿಟ್ಟೆ. ಬಟಾಣಿ ಉಗುಳುತ್ತಾಳೆ. ಎಡಗಿವಿ ಬೇಗ ನೋಯುತ್ತದೆ. ಹಲ್ಲುಜ್ಜುವ ಬ್ರಶ್ ಕಂಡರೆ ಓಟ. ಎರಡು ಹಾಳೆ.

ಒಂದನ್ನು ಬರೆಯಲಿಲ್ಲ. ಅತ್ತರೆ ಹುಬ್ಬುಗಳ ನಡುವೆ ಹೆಬ್ಬೆರಳಿಂದ ನೇವರಿಸಬೇಕು, ತಕ್ಷಣ ಸುಮ್ಮನಾಗುತ್ತಾಳೆ. ಅದೊಂದು ನನಗಿರಲಿ.

ಜನವರಿ 5, ಮಧ್ಯಾಹ್ನ

ಮಗುವಿಗೆ ತನ್ನ ಅಭ್ಯಾಸವಾಗಲೆಂದು ಶಾನಾ ಬಂದಳು. ಇಪ್ಪತ್ತಮೂರು ವರ್ಷ, ಉಗುರೆಲ್ಲ ಕಚ್ಚಿಕೊಂಡಿದ್ದಾಳೆ. ಫಿಯಾ ಅವಳ ತೊಡೆಯ ಮೇಲೆ ಅತ್ತಳು, ನನ್ನ ಕಡೆ ಕೈ ಚಾಚಿದಳು. ಐದು ನಿಮಿಷ. ಹತ್ತು. ನಾನು ಪಾತ್ರೆ ತೊಳೆಯುತ್ತಲೇ ಇದ್ದೆ — ತೊಳೆದದ್ದನ್ನೇ.

"ಇವಳಿಗೆ ನಾನು ಬೇಡ," ಎಂದಳು ಶಾನಾ. "ನೀವೇ ಇಟ್ಕೊಂಡ್ಬಿಡಿ."

ಎರಡು ತಿಂಗಳಿಂದ ನಾನು ಪ್ರಾರ್ಥನೆಯಲ್ಲಿ ಬೇಡಿದ್ದು ಅದನ್ನೇ. ಕೇಳಿದಾಗ ಮಾತ್ರ ಭಯವಾಯಿತು.

ಕೈ ಒರೆಸಿಕೊಂಡು ಬಂದು ಅವಳ ಹೆಬ್ಬೆರಳು ಹಿಡಿದು ಮಗುವಿನ ಹಣೆಗಿಟ್ಟೆ. "ಮೆತ್ತಗೆ. ಕೆಳಗಿಂದ ಮೇಲಕ್ಕೆ." ಅಳು ನಿಂತಿತು. ಈಗ ಶಾನಾ ಅತ್ತಳು.

"ಇದನ್ನ ಹಾಳೇಲಿ ಬರೆದಿರಲಿಲ್ಲ," ಎಂದೆ.

"ಮರೆತ್ರಾ?"

"ಇಲ್ಲ. ಬೇಕಂತಲೇ ಬಿಟ್ಟಿದ್ದೆ."

ನನ್ನನ್ನೇ ನೋಡಿದಳು. "ನಾನಾಗಿದ್ರೂ ಬಿಡ್ತಿದ್ದೆ," ಎಂದಳು.

ಜನವರಿ 6

ಹೆಂಗಸರ ಕ್ರಿಸ್‌ಮಸ್. ಇವತ್ತು ಹೆಂಗಸರಿಗೆ ಬಿಡುವು, ಅಡುಗೆಮನೆ ಗಂಡಸರದು. ಕೋಲ್ಮನ್ ಆಲೂಗಡ್ಡೆ ಸೀಯಿಸಿದ.

ಹನ್ನೊಂದಕ್ಕೆ ಶಾನಾ ಬಂದಳು. ಬಾಗಿಲ ಪಕ್ಕದ ಬಟ್ಟಲಿನ ಪವಿತ್ರ ಜಲದಲ್ಲಿ ಬೆರಳದ್ದಿ ಫಿಯಾಳ ಹಣೆಗೆ ಶಿಲುಬೆಯ ಗುರುತು ಹಾಕಿದೆ. ಅಮ್ಮ ನಮ್ಮನ್ನು ಹೀಗೇ ಕಳಿಸುತ್ತಿದ್ದಳು. ಕೈ ಕೆಳಗಿಳಿಸುವಷ್ಟರಲ್ಲಿ ಶಾನಾ ತಾನೂ ತಲೆ ಬಗ್ಗಿಸಿದಳು.

"ನಂಗೂ ಹಾಕಿ. ಅವತ್ತು ಚರ್ಚಲ್ಲಿ ಆಶೀರ್ವಾದ ತಗೊಳ್ಳಲಿಲ್ವಲ್ಲ."

ಹಾಕಿದೆ. "ಒಳ್ಳೇ ತಾಯಿಯಾಗಿ ಬಾಳು" ಎಂದೆ. ಮಾತು ಮನಸ್ಸಿನಿಂದಲೇ ಬಂತು.

ಜನವರಿ 11

ನಾಲ್ಕು ದಿನ ಏನೂ ಬರೆಯಲಾಗಲಿಲ್ಲ. ಇವತ್ತು ಶಾನಾಳ ಫೋನ್. ಭಾನುವಾರ ಪೂಜೆ ಮುಗಿಸಿ ಇಬ್ಬರೂ ಊಟಕ್ಕೆ ಬರುತ್ತಾರಂತೆ.

"ಒಂದ್ ವಿಷಯ," ಎಂದಳು. "ಅಮ್ಮ ಅನ್ನೋದು ನಂಗೆ ಬೇಕು. ನಿಮ್ಮನ್ನ ಅವಳು ಏನಂತ ಕರೀಲಿ?"

ಯೋಚಿಸಿ ಹೇಳುತ್ತೇನೆ ಎಂದೆ. ಕೋಲ್ಮನ್ ಆಗಲೇ ಎರಡು ಹೆಸರು ಸೂಚಿಸಿದ್ದಾನೆ. ಎರಡೂ ಕೋಳಿಗೆ ಇಡುವಂಥವು. ನನಗೆ ಇಷ್ಟವಾದದ್ದು — ಬರೀ ಡಿಂಪ್ನಾ, ಫಿಯಾಳ ಬಾಯಲ್ಲಿ ಅದು ಹೇಗೆ ಬರುತ್ತದೋ ಹಾಗೆ.