ಕಾರು ಮೊದಲಿದ್ದ ಹಾಗೆ ಆಗುವುದಿಲ್ಲ

ಭಾನುವಾರ, ಬೆಳಗಿನ ಕಾಫಿ ಆದ ಮೇಲೆ

ರಾಯರಿಗೆ,

ನಾನು ಇಲ್ಲಿ ಕ್ಷೇಮ. ನೀವು ನಿಮ್ಮ ಅಕ್ಕನ ಮನೆಯಲ್ಲಿ ಹೊತ್ತುಹೊತ್ತಿಗೆ ಉಂಡು ಚೆನ್ನಾಗಿಯೇ ಇರುತ್ತೀರಿ, ಆ ವಿಷಯದಲ್ಲಿ ನನಗೆ ಚಿಂತೆಯಿಲ್ಲ. ನಿಮ್ಮ ಪತ್ರ ಬಂತು. ಅದನ್ನು ಪತ್ರ ಅನ್ನುವುದೋ ಕಚೇರಿಯ ನೋಟಿಸು ಅನ್ನುವುದೋ ತಿಳಿಯಲಿಲ್ಲ. "ಕಾರು ಮೊದಲಿದ್ದ ಹಾಗೆ ಆದ ಮೇಲೆ ತಿಳಿಸು, ಬರುತ್ತೇನೆ" ಎಂಬ ಒಂದೇ ಸಾಲು, ಕೆಳಗೆ ಸಹಿ. ಕಟ್ಟಿಕೊಂಡ ಹೆಂಡತಿಗೆ ಬರೆಯುವಾಗಲೂ ಪೂರ್ತಿ ಸಹಿ ಹಾಕಿ ಅಡ್ಡಗೆರೆ ಎಳೆಯುವವರು ನೀವೊಬ್ಬರೇ ಇರಬೇಕು. ಫೋನಿನಲ್ಲಾದರೆ ಇಬ್ಬರಲ್ಲಿ ಒಬ್ಬರು ನಡುವೆಯೇ ಇಟ್ಟುಬಿಡುತ್ತೇವೆ. ಅದಕ್ಕೇ ನಾನೂ ಕೂತು ಬರೆಯುತ್ತಿದ್ದೇನೆ.

ಕಾರಿನ ವಿಷಯ ನಿಮಗೆ ಅರ್ಧ ಗೊತ್ತು. ಉಳಿದರ್ಧವನ್ನು ಊಹಿಸಿಕೊಂಡಿದ್ದೀರಿ. ಅಪಘಾತದ ವಿಮೆ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸದಲ್ಲಿರುವವರ ಊಹೆ ಹೇಗಿರುತ್ತದೆ ಎಂದು ನನಗೆ ಗೊತ್ತಿದೆ. ದಿನವಿಡೀ ನಜ್ಜುಗುಜ್ಜಾದ ಬಾನೆಟ್ಟುಗಳ ಫೋಟೋ ನೋಡಿ ಮನೆಗೆ ಬರುವವರು ನೀವು. ಸ್ವತಃ ಸ್ಟಿಯರಿಂಗ್ ಮುಟ್ಟದೆ, ಪಕ್ಕದ ಸೀಟಿನಲ್ಲಿ ಕೂತು, ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ನಿಧಾನ, ನಿಧಾನ" ಎನ್ನುತ್ತಲೇ ಇಷ್ಟು ವರ್ಷ ನನ್ನ ಜೊತೆ ಓಡಾಡಿದ್ದೀರಿ. ಅದನ್ನು ನಾನು ದೂರು ಎಂದು ಹೇಳುತ್ತಿಲ್ಲ.

ಆದರೆ ಶುರು ಮಾಡಿದ್ದು ಯಾರು ಎಂಬುದನ್ನು ಮರೆಯಬೇಡಿ. ನಿಮ್ಮ ಕಚೇರಿಯವರೇ ಅಲ್ಲವೇ, ನೌಕರರ ಮನೆಯವರಿಗೆಂದು ಸುರಕ್ಷಿತ ಚಾಲನೆಯ ತರಬೇತಿ ಇಟ್ಟಿದ್ದು? ನೀವೇ ಅಲ್ಲವೇ, ಹೋಗಿ ಬಾ, ಒಳ್ಳೆಯದು ಎಂದು ಪಾಸು ತಂದುಕೊಟ್ಟಿದ್ದು? ವಿಮಾನ ಇಳಿಯುವುದು ನಿಂತುಹೋದ ಆ ಹಳೆಯ ಮೈದಾನದಲ್ಲಿ, ಒದ್ದೆ ಮಾಡಿದ ಕಾಂಕ್ರೀಟಿನ ಮೇಲೆ, ಜೋರಾಗಿ ಬ್ರೇಕ್ ಒತ್ತುವುದು ಹೇಗೆ ಎಂದು ಹೇಳಿಕೊಟ್ಟರು. ಕಲಿಸುತ್ತಿದ್ದ ಹೆಂಗಸು ಹಿಂದೊಮ್ಮೆ ರ‍್ಯಾಲಿ ಓಡಿಸಿದವಳಂತೆ. ಕೊನೆಗೆ ನನ್ನ ಪಕ್ಕ ಕೂತವಳು ಇಳಿಯುವಾಗ, ನಿಮಗೆ ಹೆದರಿಕೆ ಜಾಸ್ತಿ, ಆದರೆ ಕೈ ಮಾತ್ರ ತುಂಬ ಶಾಂತ, ತಿಂಗಳಿಗೊಮ್ಮೆ ಇಲ್ಲೇ ಕ್ಲಬ್ಬಿನವರ ಸ್ಪರ್ಧೆ ಇರುತ್ತದೆ, ಸ್ವಲ್ಪ ಸ್ವಲ್ಪ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಟ್ಟು ಯಾರು ಕಡಿಮೆ ಸಮಯದಲ್ಲಿ ಮುಗಿಸುತ್ತಾರೆಂದು ನೋಡುವುದು, ಬನ್ನಿ ಎಂದಳು. ನಾನು ನಕ್ಕು ಬಂದುಬಿಟ್ಟೆ. ಮನೆಗೆ ಬಂದು ನಿಮಗೂ ಹೇಳಿದೆ. ನೀವೂ ನಕ್ಕಿರಿ.

ಯಾಕೆ ಹೋದೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನನ್ನ ಕೆಲಸ ನಿಮಗೆ ಗೊತ್ತು. ಸದ್ದು ನುಗ್ಗದ ಆ ಪುಟ್ಟ ಕೋಣೆಯಲ್ಲಿ ಮಕ್ಕಳ ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಿ, ಒಂದೊಂದೇ ಸ್ವರ ಕಳಿಸಿ, ಕೇಳಿಸಿತೇ ಇಲ್ಲವೇ ಎಂದು ಮುಖ ನೋಡುವುದು. ಗಾಜಿನಾಚೆ ತಾಯಿ ನನ್ನ ಮುಖ ನೋಡುತ್ತಿರುತ್ತಾಳೆ. ಕೇಳಿಸಲಿಲ್ಲ ಎಂದು ನನಗೆ ಗೊತ್ತಾದ ಆ ಕ್ಷಣ ನನ್ನ ಮುಖ ಬದಲಾಗಬಾರದು. ಅದನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಮನೆಯಲ್ಲೂ ಅದೇ ಮುಖ ಹಾಕಿಕೊಂಡಿರುತ್ತೇನೆ ಎಂದು ನೀವೇ ಒಮ್ಮೆ ಅಂದಿರಿ. ಹೆಲ್ಮೆಟ್ಟಿನೊಳಗೆ ನನ್ನ ಮುಖ ಹೇಗಿದ್ದರೂ ಯಾರಿಗೂ ಕಾಣುವುದಿಲ್ಲ. ಮೊದಲ ಸಲ ಆ ತಿರುವುಗಳಲ್ಲಿ ಓಡಿಸಿದಾಗ ನಾನು ಕಿರುಚುತ್ತಿದ್ದೆನಂತೆ. ಕಾರಿನೊಳಗಿನ ಕ್ಯಾಮೆರಾದಲ್ಲಿ ದಾಖಲಾಗಿದೆ. ನನಗೆ ಗೊತ್ತೇ ಇರಲಿಲ್ಲ.

ಇನ್ನು ಮಾರ್ಪಾಡುಗಳು. ಒಂದರ ಹಿಂದೊಂದು ಬಂದವು, ಯಾವುದನ್ನೂ ನಾನು ಹಟ ಹಿಡಿದು ಮಾಡಿಸಲಿಲ್ಲ. ಮೊದಲು ಬ್ರೇಕು, ಆಮೇಲೆ ಟೈರು. ಅವೆರಡಕ್ಕೂ ನೀವು ತಲೆಯಾಡಿಸಿದಿರಿ. ಆಮೇಲೆ ಇಂಟರ್‌ಕೂಲರ್, ಅಂದರೆ ಟರ್ಬೊ ಒತ್ತಿ ಕಳಿಸುವ ಬಿಸಿಗಾಳಿಯನ್ನು ತಣಿಸುವ ಜಾಲರಿ. ಕಾರಿನ ಜೊತೆ ಬಂದದ್ದು ಪೇಟೆಗೆ ಹೋಗಿಬರಲು ಸಾಕು. ಮೈದಾನದಲ್ಲಿ ಎರಡು ಸುತ್ತು ಜೋರಾಗಿ ಓಡಿಸಿದರೆ ಗಾಳಿ ಕಾದು, ಎಂಜಿನ್ ತಾನಾಗಿಯೇ ಶಕ್ತಿ ಕಡಿಮೆ ಮಾಡಿಕೊಂಡು ಮುನಿಸಿಕೊಳ್ಳುತ್ತಿತ್ತು. ದೊಡ್ಡದು ಹಾಕಿಸಿದೆ. ಬಂಪರಿನ ಒಳಗಡೆ ಇರುವುದರಿಂದ ನಿಮಗೆ ಕಾಣಲಿಲ್ಲ, ನಾನೂ ತೋರಿಸಲಿಲ್ಲ. ಸ್ಪ್ರಿಂಗುಗಳು ನಿಮ್ಮ ಸೊಂಟಕ್ಕೇ ಗೊತ್ತಾದವು. ಒಂದೊಂದು ಉಬ್ಬಿಗೂ "ಇದು ಕಾರೋ, ಕಲ್ಲುಗಾಡಿಯೋ?" ಎಂದು ಕೇಳುತ್ತಿದ್ದಿರಿ.

ಕೊನೆಯದು ಎಂಜಿನ್ನಿನ ಕಂಪ್ಯೂಟರ್. ಅದಕ್ಕೆ ಹೊಸ ಲೆಕ್ಕ ತುಂಬಿಸಿ ಟರ್ಬೊ ಒತ್ತಡ ಏರಿಸಿದ್ದನ್ನು ನಿಮಗೆ ಹೇಳಲಿಲ್ಲ. ಮೆಕ್ಯಾನಿಕ್ಕನನ್ನು ನೀವು ನೋಡಿದ್ದೀರಿ, ಎಲ್ಲರೂ ಮೌನಿ ಎಂದು ಕರೆಯುವವನು. ಬಾಯಿಗೆ ಬಿಡುವೇ ಇಲ್ಲದವನಾದ್ದರಿಂದ ಆ ಹೆಸರು. ಅವನು ಆವತ್ತು ಕೂಡ ಎಚ್ಚರಿಸಿದ: ಮೇಡಂ, ಇದೇ ಕಾರಲ್ಲಿ ಸೋಮವಾರ ಕೆಲಸಕ್ಕೆ ಹೋಗ್ಬೇಕು ಅನ್ನೋದು ನೆನಪಿರ್ಲಿ, ಇನ್ಮೇಲೆ ಒಳ್ಳೆ ಪೆಟ್ರೋಲ್ ಬಿಟ್ಟು ಬೇರೆ ಹಾಕ್ಬೇಡಿ, ಹಾಕಿದ್ರೆ ಎಂಜಿನ್ ಒಳಗೇ ಸಿಡಿಯೋಕೆ ಶುರುವಾಗತ್ತೆ. ನಾನು ಆಯಿತು ಎಂದೆ. ಆವತ್ತು ಮನೆಗೆ ಬರುವಾಗ ಏರು ದಾರಿಯಲ್ಲಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಂಡಿತು. ಊಟಕ್ಕೆ ಕೂತಾಗ ನೀವು, ಏನು ಇವತ್ತು ಇಷ್ಟು ಖುಷಿ ಎಂದು ಕೇಳಿದಿರಿ. ಏನಿಲ್ಲ ಎಂದೆ.

ನೀವು ನೋಡಲು ಬಂದ ದಿನದ ಬಗ್ಗೆ ನಾವು ಈವರೆಗೂ ಮಾತಾಡಿಲ್ಲ. ಮಡಿಸುವ ಕುರ್ಚಿ, ಫ್ಲಾಸ್ಕು, ಟೋಪಿ ಎಲ್ಲ ತಂದು ಹಗ್ಗದ ಪಕ್ಕ ಕೂತಿದ್ದಿರಿ. ಎರಡನೇ ತಿರುವಿಗೆ ನಾನು ಬಂದ ವೇಗ ತಪ್ಪೇನೂ ಆಗಿರಲಿಲ್ಲ. ತಿರುವಿನ ನಡುವೆ ಭಯಬಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದುಬಿಟ್ಟೆ. ಹಾಗೆ ತೆಗೆದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿ ಬೀಸಿಹೋಗುತ್ತದೆ. ಕಾರು ಗಿರ್ರನೆ ತಿರುಗಿ, ಹುಲ್ಲಿಗೆ ಇಳಿದು, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ದೂಳು. ಎಂಜಿನ್ ಆಫ್ ಆಗಿತ್ತು. ಬಾಗಿಲು ತೆರೆದು ಇಳಿದೆ, ಕೈ ಎತ್ತಿ ತೋರಿಸಿದೆ, ಮತ್ತೆ ಹತ್ತಿ ನಿಧಾನವಾಗಿ ಓಡಿಸಿಕೊಂಡು ವಾಪಸು ಬಂದೆ. ಅಷ್ಟೇ. ಬಂದು ನೋಡಿದರೆ ಕುರ್ಚಿ ಖಾಲಿ, ಫ್ಲಾಸ್ಕು ಅದರ ಮೇಲೆ.

ಬಸ್ಸು ಹತ್ತಿ ಹೋದಿರಂತೆ. ನಾನು ಮನೆ ಮುಟ್ಟುವ ಹೊತ್ತಿಗೆ ಅತ್ತಿಗೆಯ ಮನೆಯಲ್ಲಿದ್ದಿರಿ. ಫೋನ್ ಮಾಡಿದರೆ, "ಅಂಥ ಕಾರುಗಳ ಫೋಟೋ ನಾನು ದಿನಾ ನೋಡ್ತೀನಿ. ನಿನ್ನದನ್ನ ನೋಡೋ ಶಕ್ತಿ ನನಗಿಲ್ಲ" ಅಂದಿರಿ. ನನಗೆ ಸಿಟ್ಟು ಬಂದದ್ದು ನೀವು ಹೋದದ್ದಕ್ಕಲ್ಲ. ಪೆಟ್ಟಾಯಿತಾ ಎಂದು ಒಂದು ಮಾತು ಕೇಳಲಿಲ್ಲವಲ್ಲ, ಅದಕ್ಕೆ. ಆ ಸಿಟ್ಟನ್ನೇ ಇಟ್ಟುಕೊಂಡು ನಾನು ಮುಂದಿನ ಸ್ಪರ್ಧೆಗೂ ಹೆಸರು ಕೊಟ್ಟೆ. ನಿಮಗೆ ತಿಳಿಸಲಿಲ್ಲ.

ಅದು ಹೋದ ವಾರ ಆಯಿತು. ಅಲ್ಲಿ ಏನಾಯಿತು ಎಂದು ಹೇಳುವುದಕ್ಕೇ ಇಷ್ಟು ಪೀಠಿಕೆ.

ಬೆಳಗ್ಗೆ ಹೊರಡುವಾಗ ತಡವಾಗಿತ್ತು. ನಮ್ಮ ಮಾಮೂಲಿ ಬಂಕು ಮುಚ್ಚಿತ್ತು. ಮೈದಾನದ ದಾರಿಯಲ್ಲಿ ಸಿಕ್ಕ ಬಂಕಿನಲ್ಲಿ ಸಾದಾ ಪೆಟ್ರೋಲ್ ಒಂದೇ ಇತ್ತು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡು ತುಂಬಿಸಿಬಿಟ್ಟೆ. ಮೌನಿಗೂ ಹೇಳಲಿಲ್ಲ. ಮೊದಲ ಓಟದಲ್ಲಿ ನನ್ನ ವರ್ಗದಲ್ಲಿ ನಾನೇ ಮುಂದೆ. ಎರಡನೆಯದರಲ್ಲಿ ಇನ್ನೂ ಬಿಗಿಯಾಗಿ ಓಡಿಸಿದೆ. ನೀವು ನೋಡಿದ ಅದೇ ತಿರುವಿನಲ್ಲಿ ಈ ಸಲ ಕಾಲು ತೆಗೆಯಲಿಲ್ಲ, ಕಾರು ಹಳಿಯ ಮೇಲಿದ್ದ ಹಾಗೆ ಸುತ್ತಿ ಬಂತು. ಅದರಿಂದಾಚೆ ನೇರ ದಾರಿಯಲ್ಲಿ ಪೂರ್ತಿ ಒತ್ತಿದಾಗ ಒಂದು ಸದ್ದು ಕೇಳಿಸಿತು. ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದಂಥದು. ಎಂಜಿನ್ನಿನ ಆರ್ಭಟದ ಅಡಿಯಲ್ಲಿ, ತೀರಾ ತೆಳುವಾಗಿ. ಬೇರೆಯವರಿಗಾದರೆ ಕೇಳುತ್ತಿತ್ತೋ ಇಲ್ಲವೋ. ಕೇಳಿಸಲಿಲ್ಲ ಎಂದು ನಾನು ಮಾತ್ರ ಹೇಳುವಂತಿಲ್ಲ.

ಇದನ್ನು ನಿಮಗೊಬ್ಬರಿಗೇ ಬರೆಯುತ್ತಿದ್ದೇನೆ. ಸದ್ದು ಕೇಳಿಸಿದ ಕೂಡಲೇ ನಾನು ನಿಲ್ಲಿಸಲಿಲ್ಲ. ಅದು ಏನೆಂದು ಗೊತ್ತಿದ್ದೂ ಮುಂದಿನ ತಿರುವು ದಾಟಿದೆ, ಅದರ ಮುಂದಿನದನ್ನೂ ದಾಟಿದೆ. ಗೆಲ್ಲುತ್ತಿದ್ದೆನಲ್ಲ. ಆಮೇಲೆ, ಯಾಕೋ ಗೊತ್ತಿಲ್ಲ, ನಿಮ್ಮ ಮೇಜಿನ ಮೇಲೆ ಇಂಥ ಒಂದು ಫೈಲು ಬಂದರೆ ನೀವು ಮೊದಲು ಏನು ಕೇಳುತ್ತೀರಿ ಎಂದು ನೆನಪಾಯಿತು. ಚಾಲಕನಿಗೆ ಮೊದಲೇ ಗೊತ್ತಾಗಿತ್ತಾ ಎಂದಲ್ಲವೇ ನೀವು ಕೇಳುವುದು? ಕಾಲು ತೆಗೆದೆ. ನೇರ ದಾರಿಯಲ್ಲಿದ್ದೆ, ಏನೂ ಆಗಲಿಲ್ಲ. ಕೈ ಹೊರಗೆ ಚಾಚಿ, ಅಂಚಿಗೆ ಬಂದು, ಎಂಜಿನ್ ಆರಿಸಿದೆ.

ಎಳೆದು ತಂದ ಮೇಲೆ ಮೌನಿ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬಿಸಿಲಿಗೆ ಹಿಡಿದ. ಬಿಳಿ ಪಿಂಗಾಣಿಯ ಮೇಲೆ ಹೊಳೆಯುವ ಚುಕ್ಕೆಗಳು. ಪಿಸ್ಟನ್ನಿನ ಲೋಹ ಕರಗಿ ಸಿಡಿಯುವುದಕ್ಕೆ ಶುರುವಾಗಿತ್ತಂತೆ. ಇನ್ನೊಂದು ಸುತ್ತು ಹೋಗಿದ್ದರೆ ಎಂಜಿನ್ ಅಲ್ಲೇ ಒಡೆದು, ಚಕ್ರಕ್ಕೆ ಎಣ್ಣೆ ಚೆಲ್ಲಿ, ಆ ವೇಗದಲ್ಲಿ ಏನಾಗುತ್ತಿತ್ತೋ. ಇಷ್ಟು ಹೇಳಿ ಮೌನಿ ತುಂಬ ಹೊತ್ತು ಮಾತಾಡಲಿಲ್ಲ. ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ನನಗೆ ಹೆದರಿಕೆಯಾದದ್ದು ಆಗ.

ಕಾಂಕ್ರೀಟಿನ ಕಟ್ಟೆಯ ಮೇಲೆ ಕೂತಿದ್ದಾಗ ಒಬ್ಬ ದಪ್ಪನೆಯ ಹೆಂಗಸು ಪಕ್ಕಕ್ಕೆ ಬಂದು ಕೂತಳು. ಎರಡನೇ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವವಳು. ಬಿಸ್ಕತ್ತಿನ ಪೊಟ್ಟಣ ಮುಂದೆ ಚಾಚಿ, ನಿಮ್ಮ ಯಜಮಾನ್ರು ಇವತ್ತು ಬಂದಿಲ್ವಾ ಎಂದಳು. ನಿಮಗೆ ಹೇಗೆ ಗೊತ್ತು ಅವರು ಎಂದೆ. ಗೊತ್ತಿಲ್ದೆ ಏನು, ಅವತ್ತು ನೀವು ಹುಲ್ಲಿಗೆ ಇಳಿದಾಗ ಹಗ್ಗ ಹಾರಿ ಟ್ರ್ಯಾಕಿನ ಮೇಲೇ ಓಡಿ ಬಂದ್ರಲ್ಲ, ಟೋಪಿ ಒಂದು ಕಡೆ, ಚಪ್ಪಲಿ ಒಂದು ಕಡೆ, ಹಿಂದಿನಿಂದ ಇನ್ನೊಂದು ಕಾರು ಬರ್ತಾ ಇದೆ, ನಾನು ಬಾಯಿಗೆ ಬಂದ ಹಾಗೆ ಬೈದೆ, ಕಾಲರ್ ಹಿಡಿದು ಹಿಂದಕ್ಕೆ ಎಳೀಬೇಕಾಯ್ತು. ನೀವು ಬಾಗಿಲು ತೆರೆದು ಕೈ ಎತ್ತಿದ ಮೇಲೇ ಅವರು ಉಸಿರು ಬಿಟ್ಟದ್ದು. ಆಮೇಲೆ ನನ್ನ ಕುರ್ಚಿಯಲ್ಲೇ ಕೂತು ಅತ್ರು. ಹೀಗೆ ಹೇಳಿ ಅವಳು ಇನ್ನೊಂದು ಬಿಸ್ಕತ್ತು ತಿಂದಳು.

ನೀವು ಇದನ್ನು ನನಗೆ ಹೇಳಲಿಲ್ಲ. ಅತ್ತಿಗೆಗೂ ಹೇಳಿರಲಾರಿರಿ. ನಾನು ದೂಳಿನಲ್ಲಿ ನಿಮ್ಮನ್ನು ನೋಡಲಿಲ್ಲ. ಖಾಲಿ ಕುರ್ಚಿಯನ್ನಷ್ಟೇ ನೋಡಿದೆ.

ಈಗ ನಿಮ್ಮ ಒಂದು ಸಾಲಿಗೆ ಉತ್ತರ. ಕಂಪ್ಯೂಟರಿನ ಆ ಲೆಕ್ಕವನ್ನು ತೆಗೆಸಿದ್ದೇನೆ, ಒತ್ತಡ ಕಂಪನಿ ಕೊಟ್ಟಷ್ಟೇ. ಸ್ಪ್ರಿಂಗು ಬದಲಾಗಿದೆ, ಮಧ್ಯಮದ್ದು. ನಿಮ್ಮ ಸೊಂಟವೂ ಒಪ್ಪಬೇಕು, ತಿರುವೂ ಒಪ್ಪಬೇಕು ಎಂದು ಮೌನಿಯ ತಲೆ ತಿಂದು ಹುಡುಕಿಸಿದೆ. ಮಾಡಿಸಿದ್ದನ್ನೆಲ್ಲ ವಿಮೆಯವರಿಗೂ ತಿಳಿಸಿದ್ದೇನೆ. ನಿಮ್ಮ ಪಕ್ಕದ ಮೇಜಿನವರೇ ಫೋನ್ ಎತ್ತಿದ್ದು, ಮೇಡಂ ನೀವಾ ಎಂದು ಮೂರು ಸಲ ಕೇಳಿದರು. ನಿಮಗೆ ಹೇಳದೆ ಇರಲಾರರು, ಅದಕ್ಕೇ ನಾನೂ ತಿಳಿಸುತ್ತಿದ್ದೇನೆ. ಬ್ರೇಕು, ಟೈರು, ಇಂಟರ್‌ಕೂಲರ್ ಇರುತ್ತವೆ. ಎಂಜಿನ್ ಹುಷಾರಾದ ಮೇಲೆ ನಾನು ಮತ್ತೆ ಹೋಗುತ್ತೇನೆ. ಕಾರು ಮೊದಲಿದ್ದ ಹಾಗೆ ಆಗುವುದಿಲ್ಲ. ಆಗಿದೆ ಎಂದು ಬರೆದು ನಿಮ್ಮನ್ನು ಕರೆಸಿಕೊಳ್ಳಬಹುದಿತ್ತು. ಕಣ್ಣಿಗೆ ಕಾಣದ್ದನ್ನು ನಿಮ್ಮಿಂದ ಮುಚ್ಚಿಡುವುದು ಎಷ್ಟು ಸುಲಭ ಎಂದು ನನಗೆ ಗೊತ್ತು. ಹಾಗೆ ಮಾಡಲು ಮನಸ್ಸಾಗಲಿಲ್ಲ.

ಸದ್ಯಕ್ಕೆ ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ. ನಿಂತೇ ಹೋಗಬೇಕು, ಹಿಡಿದುಕೊಳ್ಳಲು ಮೇಲೆ ಕಂಬಿ ಇದೆ. ಡ್ರೈವರು ಬ್ರೇಕ್ ಒತ್ತಿದಾಗಲೆಲ್ಲ ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕೂರುವುದು ಹೇಗಿರುತ್ತದೆ ಎಂದು ಸ್ವಲ್ಪ ತಿಳಿಯುತ್ತದೆ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ. ಮಾತ್ರೆ ಮರೆಯಬೇಡಿ.

ಇಂತಿ,
ನಿಮ್ಮ ಮನೆಯ ಡ್ರೈವರು

ತಾ.ಕ.: ಎರಡನೇ ತಿರುವಿನ ಹೆಂಗಸಿಗೆ ಮಂಡಿಯ ಶಸ್ತ್ರಚಿಕಿತ್ಸೆ ಇದೆಯಂತೆ, ಮುಂದಿನ ತಿಂಗಳು ಬರುವುದಿಲ್ಲ. ಹಾಗೆ ಹಗ್ಗ ಹಾರಿ ಓಡುವವರನ್ನು ಒಂದೋ ಮೈದಾನದಿಂದ ದೂರ ಇಡಬೇಕು, ಇಲ್ಲವೇ ಕೈಗೆ ಬಾವುಟ ಕೊಡಬೇಕು ಎಂದು ಅವಳೇ ಅಂದಳು. ನಿಮ್ಮನ್ನು ಕೇಳದೆಯೇ ನಿಮ್ಮ ಹೆಸರು ಕೊಟ್ಟಿದ್ದೇನೆ. ಅರ್ಧ ದಿನ ಕಲಿಸುತ್ತಾರೆ, ಮಧ್ಯಾಹ್ನದ ಊಟ ಅವರದೇ. ಅಪಾಯ ಕಂಡರೆ ಹಳದಿ ಬಾವುಟ ಬೀಸುವುದಷ್ಟೇ ಕೆಲಸ. ನೀವು ಬೀಸಿದರೆ ಎಂಥ ಕಾರಿನವರಾದರೂ ನಿಧಾನ ಮಾಡಲೇಬೇಕು. ನಾನೂ ಸಹ.