ಎಣ್ಣೆ ತೆಗೆದ ಮೇಲಿನ ನೀರು

ಮಾರ್ಚ್ ೧೨, ಬುಧವಾರ

ನಾಳೆ ಸೆಮಿನಾರ್. ಸಮುದ್ರದ ನೀರಿನಲ್ಲಿ ಡೀಸೆಲ್ ಹೇಗೆ ಕರಗುತ್ತದೆ ಅಂತ ಹೇಳಬೇಕು, ನಾನೋ ಸಮುದ್ರವನ್ನೇ ನೋಡಿಲ್ಲ. ಮೆಸ್ಸಿನ ಕಲ್ಲುಪ್ಪು ಕದಡಿ ಒಂದು ಬಾಟಲಿ ಸಮುದ್ರ ಮಾಡಿ ಡೀಸೆಲ್ ಬಿಟ್ಟೆ. ರೂಮ್‌ಮೇಟ್ ನಾಗಶ್ರೀ, "ಲೇ, ಇದೇನು ಪೆಟ್ರೋಲ್ ಬಂಕಾ?" ಅಂದಳು.

ಸಂಜೆ ತೇಲಿದ್ದನ್ನೆಲ್ಲ ತೆಗೆದೆ. ಕೆಳಗಿನ ನೀರು ಫುಲ್ ಕ್ಲಿಯರ್, ಆದರೂ ಡೀಸೆಲ್ ವಾಸನೆ! ಡೀಸೆಲಿನಲ್ಲಿರುವ ಬೆಂಜೀನ್ ಥರದ್ದು ಕಣ್ಣಿಗೆ ಕಾಣದೆ ಕರಗುತ್ತದಂತೆ. ಉಪ್ಪಿಲ್ಲದ ನೀರಿನಲ್ಲಿ ಇನ್ನೂ ಜಾಸ್ತಿಯಂತೆ. ಹಾಗಾದರೆ ನಮ್ಮೂರು ಧನಗೆರೆಯ ಬಾವಿ? ಮೊನ್ನೆ ಪಂಪ್‌ಸೆಟ್ ಸೋರಿ ಡೀಸೆಲ್ ಬಾವಿಗೆ ಬಿದ್ದಾಗ ಅಪ್ಪ ಟವೆಲಿನಲ್ಲಿ ಎಣ್ಣೆ ಎತ್ತಿದ್ದರು, ಅದೇ ನೀರು ಕುಡಿಯುತ್ತಿದ್ದಾರೆ.

ಭಯವಾಗಿ ಅಪ್ಪನಿಗೆ ಫೋನ್ ಮಾಡಿದೆ.

"ಎಣ್ಣೆ ತೆಗುದ್ಮೇಲೆ ನೀರು ಚೊಕ್ಕಟ ಕಣವ್ವ, ಸುಮ್ಕೆ ಓದ್ಕೊ."

"ಬಿಂದಿಗೆ ಒಂದ್ಸಲ ಮೂಸಿ ನೋಡಪ್ಪ."

ಬಿಂದಿಗೆಯ ಮುಚ್ಚಳ ತೆಗೆದ ಸದ್ದು. ಆಮೇಲೆ ದೂರದಿಂದ, ಅವ್ವನಿಗೆ: "ಇವ್ಳೇ, ಈ ನೀರ ಚೆಲ್ಬುಡು."

ಸದ್ಯ. ಆದರೆ ಬೆಳಿಗ್ಗೆ ಕುಡಿಯೋಕೆ ನೀರು ಎಲ್ಲಿಂದ ತರುತ್ತಾರೆ?