ಬೀಗ ನೆನೆಸುವ ಹಣ್ಣು

ಆಸ್ಪತ್ರೆ, ಎರಡನೇ ಮಹಡಿಯ ಬೆಂಚು
ಜೂನ್ 9, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ತಂಗಿ ಎದ್ದು ಓಡಾಡುತ್ತಿದ್ದಾಳಾ? ಪಾಪು ನಿನ್ನನ್ನು ಚೆನ್ನಾಗಿ ಕುಣಿಸುತ್ತಿರಬೇಕು. ಬಾಣಂತಿಯನ್ನು ಬಿಟ್ಟು ಓಡಿ ಬರಬೇಡ, ಇಲ್ಲಿ ನಾನಿದ್ದೇನೆ.

ಅಪ್ಪನಿಗೆ ಇವತ್ತು ಎರಡನೇ ಸಲ ಡಯಾಲಿಸಿಸ್ ಆಯಿತು. ಮುಖದ ಊತ ಇಳಿದಿದೆ, ಮೂತ್ರ ಇನ್ನೂ ಸರಿಯಾಗಿ ಬರುತ್ತಿಲ್ಲ. ಕಿಡ್ನಿ ಮತ್ತೆ ಕೆಲಸ ಶುರುಮಾಡಬಹುದು, ಮಾಡದೆಯೂ ಇರಬಹುದು ಎನ್ನುತ್ತಾರೆ ಡಾಕ್ಟರು. ಅಪ್ಪನೋ, ಮಲಗಿದಲ್ಲಿಂದಲೇ ವಾರ್ಡಿನ ಕಪಾಟು ನೋಡಿ, "ಇದಕ್ಕೂ ಬೀಗ ಅಂತಾರಾ? ಒಂದು ಹೇರ್‌ಪಿನ್ ಸಾಕು" ಅಂತ ನರ್ಸಮ್ಮನ ತಲೆ ತಿನ್ನುತ್ತಿದ್ದಾರೆ. ನಗು ಬರುತ್ತದೆ, ಆಮೇಲೆ ಎದ್ದು ಈ ಬೆಂಚಿಗೆ ಬಂದು ಕೂರುತ್ತೇನೆ.

ನಮ್ಮ ಬೀಗದ ಅಂಗಡಿಯ ಹಿಂದಿನ ಬಿಂಬುಳಿ ಮರ ಈ ಸಲ ಹುಚ್ಚು ಹಿಡಿದ ಹಾಗೆ ಕಾಯಿಬಿಟ್ಟಿದೆ. ಕಾಂಡದ ಬುಡದವರೆಗೂ ಗೊಂಚಲು, ಎಳೆ ಸೌತೆಕಾಯಿ ಅಂಟಿಸಿದ ಹಾಗೆ. ತುಕ್ಕು ಹಿಡಿದ ಬೀಗಗಳನ್ನು ಎಂದಿನಂತೆ ಅದರ ಹುಳಿ ರಸದಲ್ಲಿ ನೆನೆಸುತ್ತಿದ್ದೆವು. ನೀನು ಹೊರಟ ವಾರವೇ ಅಪ್ಪನ ರಕ್ತದಲ್ಲಿ ಕೊಬ್ಬು ಜಾಸ್ತಿ ಅಂತ ರಿಪೋರ್ಟು ಬಂತಲ್ಲ, ಕಬ್ಬಿಣದ ತುಕ್ಕನ್ನೇ ಬಿಡಿಸುವ ರಸ ಕೊಬ್ಬನ್ನು ಬಿಡಿಸದೇ ಇರುತ್ತದೆಯೇ ಎನ್ನುವ ಬುದ್ಧಿವಂತಿಕೆ ಹುಟ್ಟಿದ್ದು ಅಲ್ಲಿಂದಲೇ. ದಿನಾ ಖಾಲಿ ಹೊಟ್ಟೆಗೆ ಒಂದು ಲೋಟ, ಐದು ದಿನ. ಅಡುಗೆಗೆ ಎರಡು ಕಾಯಿ ಹಾಕುವುದು ಬೇರೆ, ಬರೀ ರಸವನ್ನು ಲೋಟಗಟ್ಟಲೆ ಕುಡಿದರೆ ಕಿಡ್ನಿಯೇ ಕೆಟ್ಟುಹೋಗುತ್ತದಂತೆ. ನಮಗೇನು ಗೊತ್ತಿತ್ತು? ಈಗ ಆ ಮರದ ಕಡೆ ನೋಡಲೂ ಭಯ.

"ಈ ವಯಸ್ಸಲ್ಲಿ ಕದ್ದು ಕುಡಿಯೋ ಚಪಲ ಯಾಕ್ರೀ ನಿಮಗೆ?" ಅಂತ ನೀನು ಫೋನಿನಲ್ಲಿ ಬೈದದ್ದು ಪಕ್ಕದ ಮಂಚದವರಿಗೂ ಕೇಳಿಸಿತು. ಅವತ್ತಿನಿಂದ ನೀನು ಅಪ್ಪನ ಹತ್ತಿರ ಮಾತು ಬಿಟ್ಟಿದ್ದೀಯ. ಅವರು ದಿನಕ್ಕೆ ಹತ್ತು ಸಲ ಫೋನು ಕೈಗೆತ್ತಿಕೊಂಡು ಮತ್ತೆ ದಿಂಬಿನ ಪಕ್ಕ ಇಡುತ್ತಾರೆ.

ತಂಗಿಗೂ ಪಾಪುವಿಗೂ ನನ್ನ ಮುತ್ತು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ದೊಡ್ಡವಳು

ಲಕೋಟೆ ಅಂಟಿಸುವ ಮುಂಚೆ: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅಪ್ಪ ಕದ್ದು ಕುಡಿಯಲಿಲ್ಲ ಅಮ್ಮಾ. ಹುಳಿ ಅಂದರೆ ಮಾರು ದೂರ ಓಡುವವರು, ನಿನಗೆ ಅನುಮಾನವೇ ಬರಲಿಲ್ಲವೇ? ಹಿಂಡಿ ಕೊಟ್ಟವಳು ನಾನು. ಲೋಟ ಖಾಲಿಯಾಗುವವರೆಗೂ ಎದುರಿಗೇ ನಿಂತಿದ್ದೆ. ಡಾಕ್ಟರು ಕೇಳಿದಾಗ ನಾನು ರಿಪೋರ್ಟು ಹುಡುಕುವ ನೆಪದಲ್ಲಿ ಚೀಲಕ್ಕೆ ಕೈಹಾಕಿದೆ. ಅಷ್ಟರಲ್ಲಿ ಅಪ್ಪ, "ನಾನೇ ಕದ್ದು ಕುಡಿದೆ, ಮಗಳಿಗೆ ಗೊತ್ತಿಲ್ಲ" ಅಂದುಬಿಟ್ಟರು. ನನ್ನನ್ನು ಎಷ್ಟು ಬೇಕಾದರೂ ಬೈ. ಆದರೆ ಮೊದಲು ಅವರಿಗೆ ಫೋನು ಮಾಡು.